ನೂರೆರಡು ಜ್ವರ, ನಲವತ್ತು ಬಿಸಿಲು, ಕಿಲೋಮೀಟರಿನ ಮೈಲಿಗಲ್ಲು

ಕನ್ನಡದ ದಿನಬಳಕೆಯ ಮಾತಿನಲ್ಲಿ ಅಂಕಿಗಳು ಬಹುಮಟ್ಟಿಗೆ ತಮ್ಮ ಮಾನದ ಹೆಸರನ್ನು ಹೇಳಿಕೊಳ್ಳದೆಯೇ ಓಡಾಡುತ್ತವೆ. ಮಗುವಿಗೆ ನೂರೆರಡು ಜ್ವರ ಬಂದಿದೆ ಎಂದಾಗ ಅದು ಫ್ಯಾರನ್‌ಹೀಟ್ ಡಿಗ್ರಿಯೆಂದೂ, ರಾಯಚೂರಿನಲ್ಲಿ ಬಿಸಿಲು ನಲವತ್ತು ದಾಟಿತು ಎಂದಾಗ ಅದು ಸೆಲ್ಸಿಯಸ್ ಡಿಗ್ರಿಯೆಂದೂ, ಬಸ್ಸು ಎಂಬತ್ತರಲ್ಲಿ ಬರುತ್ತಿತ್ತು ಎಂದಾಗ ಅದು ಗಂಟೆಗೆ ಎಂಬತ್ತು ಕಿಲೋಮೀಟರ್ ಎಂದೂ ಕೇಳುವವರು ತಾವಾಗಿಯೇ ತಿಳಿದುಕೊಳ್ಳುತ್ತಾರೆ. ಮೈಯ ಕಾವಿಗೆ ಒಂದು ಮಾನ, ಊರಿನ ಕಾವಿಗೆ ಇನ್ನೊಂದು ಮಾನ ಬಳಕೆಯಲ್ಲಿದೆಯೆಂಬುದು ಯಾರ ಗಮನಕ್ಕೂ ಬರುವುದಿಲ್ಲ. ಕಿಲೋಮೀಟರುಗಳನ್ನು ತೋರಿಸುವ ಕಲ್ಲಿಗೆ ಮೈಲಿಗಲ್ಲು ಎಂಬ ಹೆಸರೇ ಉಳಿದಿದೆ. ಒಂದು ಲೀಟರ್ ಪೆಟ್ರೋಲಿಗೆ ವಾಹನ ಎಷ್ಟು ಕಿಲೋಮೀಟರ್ ಓಡುತ್ತದೆ ಎಂಬ ಲೆಕ್ಕಕ್ಕೆ ಮೈಲೇಜು ಎನ್ನುತ್ತಾರೆ. ಈ ಬೆರಕೆಯನ್ನು ಅರ್ಧಕ್ಕೆ ನಿಂತ ಸುಧಾರಣೆಯೆಂದು ತಳ್ಳಿಹಾಕುವುದು ಸುಲಭವಾದರೂ, ಅದರ ಹಿಂದಿರುವ ಸುಮಾರು ಮುನ್ನೂರು ವರ್ಷಗಳ ಚರಿತ್ರೆಯನ್ನು ಬಿಡಿಸಿ ನೋಡಿದಾಗ, ಡಿಗ್ರಿ ಮತ್ತು ಮೈಲಿಗಳ ಹೆಸರಿನಲ್ಲಿ ನಡೆದ ಜಗಳಗಳ ತಳದಲ್ಲಿ ಮೈ ಹೇಳುವ ಅಂದಾಜನ್ನು ನಂಬಬೇಕೆ ಅಥವಾ ಉಪಕರಣ ತೋರಿಸುವ ಅಂಕಿಯನ್ನು ನಂಬಬೇಕೆ ಎಂಬ ಹಳೆಯ ವ್ಯಾಜ್ಯವೊಂದು ಕಾಣಸಿಗುತ್ತದೆ.

ಉಪಕರಣಗಳು ಬರುವ ಮೊದಲು ಕಾವನ್ನಾಗಲಿ ದೂರವನ್ನಾಗಲಿ ಹೇಳಲು ಕನ್ನಡದಲ್ಲಿ ಮಾತಿಗೆ ಬರವಿರಲಿಲ್ಲ. ಉಗುರುಬೆಚ್ಚಗಿನ ನೀರು, ಕೆಂಡದಂತೆ ಸುಡುವ ಮೈ, ಹೊರಗೆ ತಣ್ಣಗಿದ್ದೂ ಒಳಗೆ ಬಾಧಿಸುವ ಒಳಜ್ವರ ಇವೆಲ್ಲ ಕೈಯನ್ನೇ ಅಳತೆಗೋಲಾಗಿ ಮಾಡಿಕೊಂಡ ಮಾತುಗಳು. ಅದೇ ರೀತಿ ಕೂಗಿದರೆ ಕೇಳುವಷ್ಟು ದೂರಕ್ಕೆ ಕೂಗಳತೆಯೆಂದೂ, ಸುಮಾರು ಮೂರು ಮೈಲಿಗೆ ಹರದಾರಿಯೆಂದೂ, ಅದಕ್ಕಿಂತ ಉದ್ದದ ಪಯಣಕ್ಕೆ ಗಾವುದವೆಂದೂ ಹೆಸರಿದ್ದವು. ಇವು ತಪ್ಪು ಅಳತೆಗಳೆಂದು ಹೇಳುವುದಕ್ಕಿಂತ ಊರೂರಿಗೆ ಬೇರೆಯಾದ ಅಳತೆಗಳೆಂದು ಹೇಳುವುದು ನ್ಯಾಯ. ಟಿಪ್ಪು ಸುಲ್ತಾನನ ಪತನದ ಮರುವರ್ಷ, 1800ರಲ್ಲಿ, ಮದರಾಸಿನಿಂದ ಹೊರಟು ಮೈಸೂರು, ಕೆನರಾ ಮತ್ತು ಮಲಬಾರುಗಳನ್ನು ಸುತ್ತಿದ ಫ್ರಾನ್ಸಿಸ್ ಬುಕಾನನ್ ತನ್ನ ಪ್ರವಾಸದ ವರದಿಯಲ್ಲಿ ಸೇರು, ಕೊಳಗ, ಖಂಡುಗಗಳನ್ನು ಒಂದೊಂದು ಸೀಮೆಗೂ ಮತ್ತೆ ಮತ್ತೆ ವಿವರಿಸಬೇಕಾಗಿ ಬಂದದ್ದು ಇದೇ ಕಾರಣಕ್ಕೆ. ಹೆಸರು ಒಂದೇ ಆಗಿದ್ದು ಅಳತೆ ಬೇರೆಯಾಗಿದ್ದಾಗ ಊರಿನೊಳಗೆ ತಕರಾರು ಹುಟ್ಟುತ್ತಿರಲಿಲ್ಲ; ಊರು ದಾಟಿದ ವ್ಯಾಪಾರಿಗೆ, ಅದಕ್ಕಿಂತ ಹೆಚ್ಚಾಗಿ ಕಂದಾಯ ವಸೂಲಿಯ ಅಧಿಕಾರಿಗೆ, ಅದು ತಲೆನೋವಾಗುತ್ತಿತ್ತು.

ಆ ಹೊತ್ತಿಗೆ ಯೂರೋಪಿನಲ್ಲಿ ಕಾವಿನ ಅಳತೆಯೂ ಇಂಥದೇ ಗೊಂದಲವನ್ನು ಹಾದುಬಂದಿತ್ತು. 1686ರಲ್ಲಿ ಡಾನ್ಜಿಗ್ ಪಟ್ಟಣದಲ್ಲಿ ಹುಟ್ಟಿ, ಬಾಲ್ಯದಲ್ಲೇ ತಂದೆತಾಯಿಗಳನ್ನು ಕಳೆದುಕೊಂಡು, ಆಮ್‌ಸ್ಟರ್‌ಡ್ಯಾಮಿನಲ್ಲಿ ಉಪಕರಣಗಳ ತಯಾರಿಕೆಯನ್ನೇ ಕಸುಬಾಗಿಸಿಕೊಂಡ ಡೇನಿಯಲ್ ಗೇಬ್ರಿಯಲ್ ಫ್ಯಾರನ್‌ಹೀಟ್, ಪಾದರಸ ತುಂಬಿದ ಉಷ್ಣಮಾಪಕಗಳನ್ನು ಒಂದಕ್ಕೊಂದು ತಾಳೆಯಾಗುವಂತೆ ಮಾಡುವ ಕೌಶಲವನ್ನು ಸಾಧಿಸಿದನು. ಎರಡು ಉಷ್ಣಮಾಪಕಗಳು ಒಂದೇ ಅಂಕಿಯನ್ನು ತೋರಿಸಬೇಕಾದರೆ ಎಲ್ಲೆಲ್ಲೂ ಮರಳಿ ಪಡೆಯಬಹುದಾದ ಕೆಲವು ಕಾವುಗಳನ್ನು ಮೊದಲು ಗುರುತುಹಾಕಿಕೊಳ್ಳಬೇಕಾಗುತ್ತದೆ. ಇವಕ್ಕೆ ನಿಶ್ಚಿತ ಬಿಂದುಗಳೆಂದು ಹೆಸರು. ಕೋಪನ್‌ಹೇಗನ್ನಿನ ಖಗೋಳಜ್ಞ ಓಲೆ ರೋಮರ್ ಬಳಸುತ್ತಿದ್ದ ಮಾನವನ್ನು ನೋಡಿಬಂದ ಫ್ಯಾರನ್‌ಹೀಟ್ ಅದನ್ನು ಹಿಗ್ಗಿಸಿ, ತಿದ್ದಿ, 1724ರಲ್ಲಿ ಪ್ರಕಟಿಸಿದ ಲೇಖನದಲ್ಲಿ ಮಂಜುಗಡ್ಡೆ, ನೀರು ಮತ್ತು ನವಸಾಗರಗಳ ಮಿಶ್ರಣದ ಕಾವನ್ನು ಸೊನ್ನೆಯೆಂದೂ, ಮಂಜುಗಡ್ಡೆ ಕೂಡಿದ ಬರಿಯ ನೀರಿನ ಕಾವನ್ನು 32 ಎಂದೂ, ಆರೋಗ್ಯವಂತನ ಬಾಯಿ ಅಥವಾ ಕಂಕುಳಿನ ಕಾವನ್ನು 96 ಎಂದೂ ಇರಿಸಿದನು. 32ಕ್ಕೂ 96ಕ್ಕೂ ನಡುವಿನ ಅಂತರ 64 ಆಗಿರುವುದರಿಂದ, ಗಾಜಿನ ನಳಿಗೆಯ ಮೇಲಿನ ಉದ್ದವನ್ನು ಆರು ಸಲ ಅರ್ಧರ್ಧ ಮಾಡುತ್ತ ಹೋದರೆ ಒಂದೊಂದು ಡಿಗ್ರಿಯ ಗೆರೆ ತಾನಾಗಿ ಸಿಗುತ್ತದೆ. ಇಂದು ವಿಚಿತ್ರವೆಂದು ತೋರುವ ಈ ಅಂಕಿಗಳು ಕುಶಲಕರ್ಮಿಯೊಬ್ಬನಿಗೆ ಅತ್ಯಂತ ಅನುಕೂಲವಾದವುಗಳಾಗಿದ್ದವು. ಅವನ ಕಾಲದ ನಂತರ ನೀರು ಕುದಿಯುವ ಬಿಂದುವನ್ನು 212 ಎಂದು ನಿಗದಿಪಡಿಸಿ ಮಾನವನ್ನು ಮತ್ತೆ ಬಿಗಿಗೊಳಿಸಿದಾಗ, ಮನುಷ್ಯನ ಮೈಯ ಕಾವು 96ರ ಗೆರೆಯಿಂದ ಜಾರಿ ಇನ್ನೆರಡು ಮೂರು ಡಿಗ್ರಿ ಮೇಲಕ್ಕೆ ಹೋಯಿತು.

ಸ್ವೀಡನ್ನಿನ ಉಪ್ಸಾಲದ ಖಗೋಳಜ್ಞ ಆಂಡರ್ಸ್ ಸೆಲ್ಸಿಯಸ್ 1742ರಲ್ಲಿ ಮುಂದಿಟ್ಟ ನೂರು ಭಾಗಗಳ ಮಾನವಂತೂ ಇಂದಿನವರ ಕಣ್ಣಿಗೆ ತಲೆಕೆಳಗಾಗಿತ್ತು: ಅದರಲ್ಲಿ ನೀರು ಸೊನ್ನೆಗೆ ಕುದಿಯುತ್ತಿತ್ತು, ನೂರಕ್ಕೆ ಹೆಪ್ಪುಗಟ್ಟುತ್ತಿತ್ತು. ಅದನ್ನು ತಿರುಗಿಸಿ ನಿಲ್ಲಿಸಿದವರು ಯಾರೆಂಬುದರ ಬಗ್ಗೆ ಸಸ್ಯಶಾಸ್ತ್ರಜ್ಞ ಲಿನೇಯಸ್, ಫ್ರಾನ್ಸಿನ ಲಿಯೋನ್ ಪಟ್ಟಣದ ಕ್ರಿಸ್ಟಾನ್, ಸ್ವೀಡನ್ನಿನ ಉಪಕರಣ ತಯಾರಕ ಏಕ್‌ಸ್ಟ್ರೋಮ್ ಮೊದಲಾದವರ ಪರವಾಗಿ ವಾದಗಳಿವೆ. ಬಹುಕಾಲ ಸೆಂಟಿಗ್ರೇಡ್, ಅಂದರೆ ನೂರು ಮೆಟ್ಟಿಲಿನದು, ಎಂದು ಕರೆಯಲಾಗುತ್ತಿದ್ದ ಈ ಮಾನಕ್ಕೆ ಸೆಲ್ಸಿಯಸ್ ಎಂಬ ಹೆಸರು ಅಧಿಕೃತವಾಗಿ ಬಂದದ್ದು 1948ರಲ್ಲಿ. ಕನ್ನಡದ ಪತ್ರಿಕೆಗಳಲ್ಲಿ ಹಾಗೂ ಹಳೆಯ ಪಠ್ಯಗಳಲ್ಲಿ ಕಾಣುವ ಸೆಂಟಿಗ್ರೇಡ್ ಆ ಹಿಂದಿನ ಬಳಕೆಯ ಉಳಿಕೆಯಾಗಿದೆ.

ಕಾವಿನ ಅಳತೆಗೂ ದೂರದ ಅಳತೆಗೂ ಕನ್ನಡ ನಾಡಿನ ನೆಲದ ಮೇಲೆಯೇ ಗಂಟುಬಿದ್ದ ಪ್ರಸಂಗವೊಂದಿದೆ. 1800ರಲ್ಲಿ ವಿಲಿಯಂ ಲ್ಯಾಂಬ್ಟನ್ ಎಂಬ ಸೇನಾಧಿಕಾರಿ, ಮುಂದೆ ಮಹಾ ತ್ರಿಕೋನಮಿತೀಯ ಸರ್ವೇಕ್ಷಣೆಯೆಂದು ಪ್ರಸಿದ್ಧವಾಗಲಿದ್ದ ಕಾರ್ಯದ ಪೂರ್ವತಯಾರಿಯಾಗಿ, ಬೆಂಗಳೂರಿನ ಹೊರಗೆ ಬಾಣಸವಾಡಿಯ ಕಡೆಯಿಂದ ಅಗರದ ಕಡೆಗೆ ಸುಮಾರು ಏಳೂವರೆ ಮೈಲಿ ಉದ್ದದ ಆಧಾರರೇಖೆಯೊಂದನ್ನು ಅಳೆದನು. ಆಧಾರರೇಖೆಯೆಂದರೆ ತ್ರಿಕೋನಗಳ ಜಾಲವನ್ನು ಕಟ್ಟಲು ಮೊದಲು ನೆಲದ ಮೇಲೆ ನೇರವಾಗಿ ಅಳೆದುಕೊಳ್ಳುವ ಒಂದು ಬಾಹು; ಉಳಿದ ಬಾಹುಗಳೆಲ್ಲ ಕೋನಗಳ ಲೆಕ್ಕದಿಂದ ದೊರಕುವುದರಿಂದ ಮೊದಲಿನದರಲ್ಲಿ ತಪ್ಪಿದರೆ ದೇಶದ ನಕ್ಷೆಯೇ ತಪ್ಪುತ್ತದೆ. ಅವನ ಬಳಿ ಇದ್ದದ್ದು ನೂರು ಅಡಿ ಉದ್ದದ ಉಕ್ಕಿನ ಸರಪಳಿ. ಉಕ್ಕು ಬಿಸಿಲಿಗೆ ಹಿಗ್ಗುತ್ತದೆ, ಚಳಿಗೆ ಕುಗ್ಗುತ್ತದೆ. ಒಂದು ಫ್ಯಾರನ್‌ಹೀಟ್ ಡಿಗ್ರಿ ಹೆಚ್ಚಾದರೆ ನೂರು ಅಡಿ ಉಕ್ಕು ಅಂಗುಲದ ಸಾವಿರ ಭಾಗಗಳಲ್ಲಿ ಏಳೆಂಟು ಭಾಗ ಉದ್ದವಾಗುತ್ತದೆ. ನೋಡುವುದಕ್ಕೆ ಇದು ಏನೂ ಅಲ್ಲ. ಆದರೆ ಏಳೂವರೆ ಮೈಲಿಯ ಉದ್ದಕ್ಕೆ ಗುಣಿಸಿದರೆ ಒಂದೇ ಡಿಗ್ರಿಯ ತಪ್ಪು ಸುಮಾರು ಮೂರು ಅಂಗುಲದ ತಪ್ಪಾಗುತ್ತದೆ. ಆದ್ದರಿಂದ ಲ್ಯಾಂಬ್ಟನ್ನನ ಸರ್ವೇಕ್ಷಣೆಯಲ್ಲಿ ಸರಪಳಿಯ ಪಕ್ಕದಲ್ಲಿ ಉಷ್ಣಮಾಪಕವೂ ಸಾಗಬೇಕಾಯಿತು, ಬಂದ ಉದ್ದವನ್ನೆಲ್ಲ ಒಂದು ಗೊತ್ತಾದ ಕಾವಿಗೆ ಇಳಿಸಿ ಲೆಕ್ಕಹಾಕಬೇಕಾಯಿತು. ಬೆಂಗಳೂರಿನ ಸುತ್ತಿನ ನೆಲದಲ್ಲಿ ಮೈಲಿಯೆಂಬುದು ಹರದಾರಿಯ ಜಾಗಕ್ಕೆ ಬಂದಾಗ ಅದರೊಳಗೆ ಫ್ಯಾರನ್‌ಹೀಟ್ ಡಿಗ್ರಿಯೂ ಸೇರಿಕೊಂಡೇ ಬಂದಿತ್ತೆಂದರೆ ಅತಿಶಯೋಕ್ತಿಯಾಗಲಾರದು.

ಹತ್ತೊಂಬತ್ತನೆಯ ಶತಮಾನದುದ್ದಕ್ಕೂ ಆಡಳಿತದ ಕಡತಗಳಲ್ಲಿ ಈ ಜೋಡಿ ಮುಂದುವರಿಯಿತು. ಬಿ. ಎಲ್. ರೈಸ್ ಸಂಪಾದಿಸಿದ ಮೈಸೂರಿನ ಗೆಜೆಟಿಯರು ಹವೆಯ ವಿವರವನ್ನು ಫ್ಯಾರನ್‌ಹೀಟಿನಲ್ಲೂ ದಾರಿಯ ವಿವರವನ್ನು ಮೈಲಿಯಲ್ಲೂ ಕೊಡುತ್ತದೆ. ಭಾರತ ಹವಾಮಾನ ಇಲಾಖೆ 1875ರಲ್ಲಿ ಸ್ಥಾಪನೆಯಾದ ಮೇಲೆ ದಾಖಲಾದ ಹಳೆಯ ಅಂಕಿಗಳನ್ನು ಇಂದು ಸೆಲ್ಸಿಯಸ್ಸಿಗೆ ತಿರುಗಿಸಿಯೇ ಓದಲಾಗುತ್ತದೆ. ಬೆಂಗಳೂರಿನ ಅತಿ ಕಡಿಮೆ ಉಷ್ಣತೆಯೆಂದು ಪತ್ರಿಕೆಗಳು ಪ್ರತಿ ಚಳಿಗಾಲದಲ್ಲೂ ನೆನಪಿಸುವ, 1884ರ ಜನವರಿಯ 7.8 ಡಿಗ್ರಿಯನ್ನು ತಿರುಗಿಸಿ ನೋಡಿದರೆ ಅದು ಫ್ಯಾರನ್‌ಹೀಟಿನ 46ಕ್ಕೆ ಸರಿಯಾಗಿ ಬಂದು ನಿಲ್ಲುತ್ತದೆ; ದಶಮಾಂಶದ ಆ ನಾಜೂಕು ಗಣಿತದ ಪರಿವರ್ತನೆಯಿಂದ ಬಂದದ್ದೆಂದು ಊಹಿಸಲು ಅಡ್ಡಿಯಿಲ್ಲ.

ಇಂಥ ಹುಸಿ ನಾಜೂಕಿನ ಅತ್ಯಂತ ಪ್ರಸಿದ್ಧ ಉದಾಹರಣೆ ಜ್ವರದ ಅಂಕಿಯೇ ಆಗಿದೆ. ಜರ್ಮನಿಯ ಲೈಪ್‌ಜಿಗ್ಗಿನ ವೈದ್ಯ ಕಾರ್ಲ್ ವುಂಡರ್‌ಲಿಖ್ ಸುಮಾರು 25,000 ರೋಗಿಗಳ ಕಂಕುಳಿನ ಕಾವನ್ನು ಮತ್ತೆ ಮತ್ತೆ ಅಳೆಸಿ, 1868ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಆರೋಗ್ಯವಂತನ ಮೈಯ ಕಾವು ಸುಮಾರು 37 ಸೆಂಟಿಗ್ರೇಡ್ ಡಿಗ್ರಿಯೆಂದು ಹೇಳಿದನು. ಸೆಂಟಿಗ್ರೇಡಿನಲ್ಲಿ ದುಂಡಾಗಿದ್ದ ಈ ಅಂಕಿಯನ್ನು ಫ್ಯಾರನ್‌ಹೀಟಿಗೆ ತಿರುಗಿಸಿದಾಗ ಅದು 98.6 ಆಯಿತು; ಸುಮಾರು ಎಂಬ ಮಾತು ದಾರಿಯಲ್ಲಿ ಉದುರಿಹೋಗಿ, ದಶಮಾಂಶ ಮಾತ್ರ ಉಳಿಯಿತು. ಇಂಗ್ಲೆಂಡಿನಲ್ಲಿ ತಯಾರಾದ ಉಷ್ಣಮಾಪಕಗಳಲ್ಲಿ ಸಹಜ ಕಾವಿನ ಬಾಣದ ಗುರುತು 98.4ಕ್ಕೆ ಇರುತ್ತಿದ್ದುದರಿಂದ, ಭಾರತದ ಶಾಲೆಗಳಲ್ಲಿ ಮತ್ತು ಮನೆಗಳಲ್ಲಿ ಎರಡರಲ್ಲಿ ಯಾವುದು ಸರಿಯೆಂಬ ಚರ್ಚೆ ಬಹುಕಾಲ ನಡೆಯಿತು. 1992ರಲ್ಲಿ ಅಮೆರಿಕದಲ್ಲಿ 148 ಆರೋಗ್ಯವಂತರ ಮೇಲೆ ನಡೆದ ಅಧ್ಯಯನವೊಂದು ಸರಾಸರಿ 98.2 ಎಂದು ಕಂಡಿತು. ಮೈಯ ಕಾವು ಬೆಳಗಿನ ಜಾವಕ್ಕೂ ಸಂಜೆಗೂ ನಡುವೆ ಇದಕ್ಕಿಂತ ಹೆಚ್ಚು ಏರಿಳಿಯುವುದರಿಂದ ಈ ಮೂರು ಅಂಕಿಗಳ ಜಗಳಕ್ಕೆ ಚಿಕಿತ್ಸೆಯ ದೃಷ್ಟಿಯಿಂದ ಹೆಚ್ಚು ಅರ್ಥವಿಲ್ಲ. ಅಂಕಿಗಿಂತ ಮುಖ್ಯವಾದದ್ದು ಉಪಕರಣದ ಗಾತ್ರ. ಮೊದಲಿಗೆ ಸುಮಾರು ಒಂದು ಅಡಿ ಉದ್ದವಿದ್ದು, ಅಂಕಿ ತೋರಿಸಲು ಇಪ್ಪತ್ತು ನಿಮಿಷ ತೆಗೆದುಕೊಳ್ಳುತ್ತಿದ್ದ ಉಷ್ಣಮಾಪಕವನ್ನು 1860ರ ದಶಕದಲ್ಲಿ ಇಂಗ್ಲೆಂಡಿನ ವೈದ್ಯ ಕ್ಲಿಫರ್ಡ್ ಆಲ್‌ಬಟ್ ಆರು ಅಂಗುಲಕ್ಕೆ ಇಳಿಸಿ, ಐದು ನಿಮಿಷದಲ್ಲಿ ಕೆಲಸ ಮುಗಿಸುವಂತೆ ಮಾಡಿದ್ದರಿಂದಲೇ ಅದು ವೈದ್ಯನ ಜೇಬಿಗೆ, ಅಲ್ಲಿಂದ ಮನೆಯ ಕಪಾಟಿಗೆ ಬರಲು ಸಾಧ್ಯವಾಯಿತು. ಬಂದ ಮೇಲೆ ಅದು ಕೈಯ ಅಂದಾಜನ್ನು ಪೂರ್ತಿ ಓಡಿಸಲಿಲ್ಲ. ಹಣೆ ಮುಟ್ಟಿ ನೋಡಿದ ಬಳಿಕವೇ ಥರ್ಮಾಮೀಟರ್ ಇಡುವುದು ಇಂದಿಗೂ ಮನೆಗಳ ಕ್ರಮ. ಪಾದರಸ ಏರದಿದ್ದರೆ ಒಳಜ್ವರವಿದೆಯೆಂದು ಹೇಳುವ ಅವಕಾಶವನ್ನೂ ಭಾಷೆ ಉಳಿಸಿಕೊಂಡಿದೆ.

ಸ್ವತಂತ್ರ ಭಾರತ ಅಳತೆಗಳನ್ನು ಒಂದುಗೂಡಿಸಲು ಹೊರಟದ್ದು 1950ರ ದಶಕದ ನಡುವಿನಲ್ಲಿ. 1957ರ ಏಪ್ರಿಲ್ 1ರಂದು ರೂಪಾಯಿಗೆ ಹದಿನಾರಾಣೆಯ ಬದಲು ನೂರು ನಯೇ ಪೈಸೆ ಬಂದಿತು. 1956ರ ತೂಕ ಮತ್ತು ಅಳತೆಗಳ ಕಾಯಿದೆಯ ಮೇರೆಗೆ 1958ರ ಅಕ್ಟೋಬರಿನಿಂದ ಮೆಟ್ರಿಕ್ ತೂಕಗಳು ಹಂತಹಂತವಾಗಿ ಜಾರಿಯಾಗುತ್ತ ಬಂದು, ಸೇರು, ಮಣ, ಗಜ, ಮೈಲಿಗಳು ಮುಂದಿನ ದಶಕದಲ್ಲಿ ಕಾನೂನಿನ ಆಶ್ರಯವನ್ನು ಕಳೆದುಕೊಂಡವು. ನಾಣ್ಯದ ಪರಿವರ್ತನೆಯಲ್ಲಿ ಒಂದಾಣೆಗೆ 6 ಪೈಸೆ, ಮೂರಾಣೆಗೆ 19 ಪೈಸೆ ಎಂಬ ಅಧಿಕೃತ ಪಟ್ಟಿಯಿತ್ತು. ಮೂರು ಸಲ ಒಂದೊಂದಾಣೆಯ ಸಾಮಾನು ಕೊಂಡವನಿಗೂ ಒಂದೇ ಸಲ ಮೂರಾಣೆಯದನ್ನು ಕೊಂಡವನಿಗೂ ಇದರಿಂದ ಒಂದು ಪೈಸೆಯ ವ್ಯತ್ಯಾಸ ಬರುತ್ತಿತ್ತಾದ್ದರಿಂದ, ಅಂಗಡಿಯ ಕಟ್ಟೆಯ ಮೇಲೆ ವಾದಕ್ಕೆ ಬೇಕಾದ ಸಾಮಗ್ರಿ ಕಾಯಿದೆಯೊಳಗೇ ಇತ್ತು.

ಹವಾಮಾನದ ವರದಿ ಸೆಲ್ಸಿಯಸ್ಸಿಗೆ ಬದಲಾಯಿತು, ಜ್ವರ ಮಾತ್ರ ಫ್ಯಾರನ್‌ಹೀಟಿನಲ್ಲೇ ಉಳಿಯಿತು. ಇದರ ಕಾರಣವನ್ನು ಜನರ ಹಟದಲ್ಲಿ ಹುಡುಕುವುದು ತಪ್ಪಾದೀತು. ಹವಾಮಾನದ ಅಂಕಿಯನ್ನು ಹೊರಡಿಸುವುದು ಒಂದೇ ಇಲಾಖೆಯಾದ್ದರಿಂದ ಅದು ಬದಲಾದ ದಿನ ಎಲ್ಲರಿಗೂ ಬದಲಾಗುತ್ತದೆ. ತೂಕದ ಕಲ್ಲುಗಳಿಗೆ ಮುದ್ರೆ ಒತ್ತುವ ಇನ್ಸ್‌ಪೆಕ್ಟರು ಇರುತ್ತಾನೆ. ಮನೆಯ ಕಪಾಟಿನ ಥರ್ಮಾಮೀಟರಿಗೆ ಅಂಥ ಮೇಲ್ವಿಚಾರಕನಿಲ್ಲ, ಒಡೆಯುವವರೆಗೂ ಅದು ಬದಲಾಗುವುದಿಲ್ಲ. ಅದಕ್ಕೆ ಮೇಲಾಗಿ, ನೂರು ದಾಟಿದರೆ ಜ್ವರ ಎಂಬ ಎಲ್ಲೆ ಫ್ಯಾರನ್‌ಹೀಟಿನಲ್ಲಿ ನೆನಪಿಗೆ ಎಷ್ಟು ಸುಲಭವೋ ಸೆಲ್ಸಿಯಸ್ಸಿನ 37.8 ಅಷ್ಟೇ ಕಷ್ಟ. ಪಾದರಸದ ವಿಷದ ಕುರಿತಾದ 2013ರ ಮಿನಮಾಟ ಒಡಂಬಡಿಕೆ ಗಾಜಿನ ಥರ್ಮಾಮೀಟರುಗಳ ತಯಾರಿಕೆಗೆ 2020ರ ಗಡುವು ಹಾಕಿತು, ಅವುಗಳ ಜಾಗಕ್ಕೆ ಗುಂಡಿ ಒತ್ತಿದರೆ ಎರಡೂ ಮಾನಗಳನ್ನು ತೋರಿಸುವ ಉಪಕರಣಗಳು ಬಂದವು. ಗುಂಡಿಯಿದ್ದೂ ಮನೆಗಳು ನೂರರ ಲೆಕ್ಕವನ್ನೇ ಇಟ್ಟುಕೊಂಡಿವೆ.

ರಸ್ತೆಯ ಮೇಲಿನ ಅಂಕಿಯ ಚರಿತ್ರೆ ಇದಕ್ಕಿಂತ ಕಹಿಯಾದದ್ದು. ಬ್ರಿಟನ್ನಿನ 1865ರ ಕಾಯಿದೆಯೊಂದು ಉಗಿಯಿಂದ ಓಡುವ ರಸ್ತೆಬಂಡಿಗಳಿಗೆ ಹಳ್ಳಿಗಾಡಿನಲ್ಲಿ ಗಂಟೆಗೆ ನಾಲ್ಕು ಮೈಲಿ, ಪಟ್ಟಣದಲ್ಲಿ ಎರಡು ಮೈಲಿ ಮಿತಿಯನ್ನು ಹಾಕಿ, ಮುಂದೆ ಕೆಂಪು ಬಾವುಟ ಹಿಡಿದ ಮನುಷ್ಯನೊಬ್ಬನು ನಡೆಯಬೇಕೆಂದು ವಿಧಿಸಿತ್ತು. 1896ರ ಆಗಸ್ಟ್ 17ರಂದು ಲಂಡನ್ನಿನ ಕ್ರಿಸ್ಟಲ್ ಪ್ಯಾಲೆಸ್ ಆವರಣದಲ್ಲಿ ಬ್ರಿಜೆಟ್ ಡ್ರಿಸ್ಕಾಲ್ ಎಂಬ ಮಹಿಳೆ ಮೋಟಾರು ಕಾರಿಗೆ ಸಿಕ್ಕು ಮರಣಹೊಂದಿದಾಗ ನಡೆದ ವಿಚಾರಣೆಯಲ್ಲಿ ವೇಗದ ಬಗ್ಗೆಯೇ ಸಾಕ್ಷಿಗಳು ಒಪ್ಪಲಿಲ್ಲ: ಕಾರು ಗಂಟೆಗೆ ನಾಲ್ಕು ಮೈಲಿಯಲ್ಲಿತ್ತೆಂದು ಚಾಲಕನು ಹೇಳಿದರೆ, ನೋಡಿದವರಿಗೆ ಅದು ಬೆಂಕಿ ನಂದಿಸುವ ಬಂಡಿಯಂತೆ ಧಾವಿಸಿ ಬಂದಂತೆ ಕಂಡಿತ್ತು. ಆಕಸ್ಮಿಕ ಮರಣವೆಂದು ತೀರ್ಪಾಯಿತು. ಒಳಗೆ ಕುಳಿತವನ ಅಂದಾಜಿಗೂ ಹೊರಗೆ ನಿಂತವನ ಅಂದಾಜಿಗೂ ನಡುವಿನ ಈ ಅಂತರ ಆ ಬಳಿಕ ಎಲ್ಲ ರಸ್ತೆಗಳಲ್ಲೂ ಮರುಕಳಿಸಿದೆ.

ಆ ಅಂತರವನ್ನು ತುಂಬಲು ಬಂದ ಉಪಕರಣ ವೇಗಮಾಪಕ, ಅಂದರೆ ಸ್ಪೀಡೋಮೀಟರ್. 1902ರಲ್ಲಿ ಸ್ಟ್ರಾಸ್‌ಬರ್ಗಿನ ಓಟೊ ಶುಲ್ಟ್ಸೆ ಹಕ್ಕುಪತ್ರ ಪಡೆದ ಬಗೆಯಲ್ಲಿ, ಗಾಲಿಯೊಂದಿಗೆ ತಿರುಗುವ ಅಯಸ್ಕಾಂತವೊಂದು ಲೋಹದ ಬಟ್ಟಲಿನಲ್ಲಿ ಸುಳಿವಿದ್ಯುತ್ತನ್ನು ಹುಟ್ಟಿಸಿ, ಅದರ ಎಳೆತದಿಂದ ಬಟ್ಟಲಿಗೆ ಜೋಡಿಸಿದ ಮುಳ್ಳು ವಾಲುತ್ತದೆ. ಬಟ್ಟಲು ಬಿಸಿಯಾದರೆ ಅದರ ವಿದ್ಯುತ್ ರೋಧ ಹೆಚ್ಚಿ ಮುಳ್ಳು ಕಡಿಮೆ ವೇಗವನ್ನು ತೋರಿಸುವುದರಿಂದ, ಕಾವಿನ ಪರಿಣಾಮವನ್ನು ಸರಿದೂಗಿಸುವ ಮಿಶ್ರಲೋಹದ ತುಣುಕೊಂದನ್ನು ಅದರೊಳಗೆ ಸೇರಿಸಬೇಕಾಯಿತು. ಲ್ಯಾಂಬ್ಟನ್ನನ ಸರಪಳಿಯ ಸಮಸ್ಯೆ ಇಲ್ಲಿ ಬೇರೆ ವೇಷದಲ್ಲಿ ಮರಳಿ ಬಂದಿತ್ತು. ಇಂದಿನ ವಿಶ್ವಸಂಸ್ಥೆಯ ವಾಹನ ನಿಯಮಗಳು ವೇಗಮಾಪಕವು ನಿಜವಾದ ವೇಗಕ್ಕಿಂತ ಕಡಿಮೆ ತೋರಿಸಲೇಬಾರದೆಂದೂ, ಹೆಚ್ಚು ತೋರಿಸಿದರೆ ಹತ್ತನೇ ಒಂದು ಭಾಗ ಮತ್ತು ನಾಲ್ಕು ಕಿಲೋಮೀಟರಿನ ಮಿತಿಯೊಳಗಿರಬೇಕೆಂದೂ ಹೇಳುತ್ತವೆ. ಗಂಟೆಗೆ ನೂರರಲ್ಲಿ ಓಡುವ ಕಾರು 110 ತೋರಿಸಿದರೆ ಅದು ದೋಷವಲ್ಲ. ಫೋನಿನ ನಕ್ಷೆಯ ವೇಗ ಬೇರೆ, ಕಾರಿನ ವೇಗ ಬೇರೆ ಎಂದು ಪ್ರಯಾಣಿಕರು ಮಾಡುವ ವಾದಕ್ಕೆ ಕಾರಣ ಬಹುಪಾಲು ಇದೇ.

ಮಾನದ ಬದಲಾವಣೆ ರಸ್ತೆಯಲ್ಲಿ ಬರಿಯ ಗಣಿತವಾಗಿ ಉಳಿಯುವುದಿಲ್ಲವೆಂಬುದಕ್ಕೆ ಐರ್ಲೆಂಡ್ ಒಳ್ಳೆಯ ನಿದರ್ಶನ. 2005ರ ಜನವರಿ 20ರಂದು ಆ ದೇಶ ತನ್ನ ವೇಗಮಿತಿಗಳನ್ನು ಮೈಲಿಯಿಂದ ಕಿಲೋಮೀಟರಿಗೆ ಬದಲಾಯಿಸಿದಾಗ, ಊರೊಳಗಿನ 30 ಮೈಲಿ 50 ಕಿಲೋಮೀಟರಾಯಿತು. ನಿಜವಾದ ಲೆಕ್ಕದಲ್ಲಿ ಅದು 48. ಗಂಟೆಗೆ 60 ಮೈಲಿಯಿದ್ದ ರಸ್ತೆಗಳಲ್ಲಿ ರಾಷ್ಟ್ರೀಯ ರಸ್ತೆಗಳಿಗೆ 100 ಕಿಲೋಮೀಟರ್, ಸಣ್ಣ ರಸ್ತೆಗಳಿಗೆ 80 ಕಿಲೋಮೀಟರ್ ಎಂದು ವಿಂಗಡಿಸಿ, ಅಂಕಿಯನ್ನು ದುಂಡಾಗಿಸುವ ನೆಪದಲ್ಲಿ ಸುರಕ್ಷತೆಯ ನಿರ್ಧಾರವನ್ನೇ ತೆಗೆದುಕೊಳ್ಳಲಾಯಿತು. ಬ್ರಿಟನ್ನಿನಲ್ಲಿ ಹವಾಮಾನ ಸೆಲ್ಸಿಯಸ್ಸಿಗೆ ಬಂದರೂ ರಸ್ತೆಯ ಫಲಕ ಮೈಲಿಯಲ್ಲೇ ನಿಂತಿದೆ. ಅಮೆರಿಕದಲ್ಲಿ ಎರಡೂ ಹಳೆಯವೇ ಆಗಿರುವುದರಿಂದ, ಅಲ್ಲಿ ನೆಲೆಸಿದ ಕನ್ನಡಿಗರು ತೊಂಬತ್ತೈದು ಡಿಗ್ರಿ ಬಿಸಿಲೆಂದು ಊರಿಗೆ ಫೋನಿನಲ್ಲಿ ಹೇಳಿ ಗಾಬರಿ ಹುಟ್ಟಿಸುವುದೂ, ತಾಯ್ನಾಡಿನಲ್ಲಿ ಜ್ವರಕ್ಕೆ ಮೀಸಲಾಗಿದ್ದ ಮಾನವನ್ನು ಅಂಗಳದ ಹವೆಗೂ ಬಳಸಲು ಕಲಿಯುವುದೂ ಉಂಟು. ಸೊನ್ನೆಯಿಂದ ನೂರರ ವರೆಗಿನ ಫ್ಯಾರನ್‌ಹೀಟ್ ಮನುಷ್ಯನ ಅನುಭವಕ್ಕೆ ಸಹಜವೆಂದು ಅಲ್ಲಿನವರು ಮಾಡುವ ವಾದ ಮಂಜು ಬೀಳುವ ನಾಡಿನಲ್ಲಿ ಒಪ್ಪುವಂಥದು. ಇಪ್ಪತ್ತಕ್ಕಿಂತ ಕೆಳಗಿನ ಫ್ಯಾರನ್‌ಹೀಟ್ ಡಿಗ್ರಿಯನ್ನು ಕಾಣದ ಕಲಬುರಗಿಗೆ ಆ ಮಾನದ ಕೆಳಗಿನ ಐದನೇ ಒಂದು ಭಾಗ ಪೂರ್ತಿ ವ್ಯರ್ಥ.

ಭಾರತದಲ್ಲಿ 1939ರ ಮೋಟಾರು ವಾಹನ ಕಾಯಿದೆ ವಾಹನದ ಬಗೆಗೆ ತಕ್ಕಂತೆ ಮೈಲಿಗಳಲ್ಲಿ ಗೊತ್ತುಪಡಿಸಿದ್ದ ಮಿತಿಗಳ ಜಾಗದಲ್ಲಿ ಈಗ 1988ರ ಕಾಯಿದೆಯ 112ನೆಯ ಕಲಮಿನ ಅಡಿಯ ಅಧಿಸೂಚನೆಗಳು ಇವೆ. 2018ರ ಅಧಿಸೂಚನೆಯು ಕಾರುಗಳಿಗೆ ಎಕ್ಸ್‌ಪ್ರೆಸ್ ಮಾರ್ಗದಲ್ಲಿ 120, ನಡುವೆ ವಿಭಜಕವಿರುವ ನಾಲ್ಕು ಪಥದ ರಸ್ತೆಯಲ್ಲಿ 100, ಪಟ್ಟಣದೊಳಗೆ 70 ಕಿಲೋಮೀಟರುಗಳ ಗರಿಷ್ಠ ಮಿತಿಯನ್ನು ಇಟ್ಟು, ಇದಕ್ಕಿಂತ ಕಡಿಮೆ ಮಾಡುವ ಅಧಿಕಾರವನ್ನು ರಾಜ್ಯಗಳಿಗೆ ಬಿಟ್ಟಿತು. 2019ರ ಜುಲೈಯಿಂದ ತಯಾರಾದ ಕಾರುಗಳು ಎಂಬತ್ತು ದಾಟಿದರೆ ಆಗಾಗ, ನೂರಿಪ್ಪತ್ತು ದಾಟಿದರೆ ಎಡೆಬಿಡದೆ ಕೂಗುತ್ತವೆ. ಗಂಟೆಗೆ 36 ಕಿಲೋಮೀಟರ್ ಎಂದರೆ ಸೆಕೆಂಡಿಗೆ 10 ಮೀಟರ್. ಒಣ ರಸ್ತೆಯಲ್ಲಿ ಬ್ರೇಕು ಒತ್ತಿದ ಮೇಲೆ ಆ ವೇಗದ ಕಾರು ಸುಮಾರು 7 ಮೀಟರಿನಲ್ಲಿ ನಿಂತರೆ, 72ರ ವೇಗದ ಕಾರಿಗೆ ಅದರ ಇಮ್ಮಡಿಯ ಬದಲು ನಾಲ್ಮಡಿ, ಅಂದರೆ 28 ಮೀಟರಿನಷ್ಟು ದೂರ ಬೇಕಾಗುತ್ತದೆ. ವೇಗದ ವರ್ಗಕ್ಕೆ ತಕ್ಕಂತೆ ಬೆಳೆಯುವ ಈ ದೂರವನ್ನು ಚಾಲಕನ ಮೈ ಅರಿಯಲಾರದು, ಏಕೆಂದರೆ ನುಣುಪಾದ ರಸ್ತೆ ಮತ್ತು ಮುಚ್ಚಿದ ಗಾಜು ಎರಡೂ ಸೇರಿ ವೇಗದ ಅನುಭವವನ್ನೇ ಅಳಿಸಿಹಾಕುತ್ತವೆ. ಕೇಂದ್ರ ಸಾರಿಗೆ ಸಚಿವಾಲಯದ ಲೆಕ್ಕದಂತೆ 2022ರಲ್ಲಿ ದೇಶದ ರಸ್ತೆಗಳಲ್ಲಿ ಸತ್ತವರು 1,68,491 ಮಂದಿ. ಅಪಘಾತಗಳ ಕಾರಣದ ಪಟ್ಟಿಯಲ್ಲಿ ಅತಿವೇಗವೇ ಮೊದಲನೆಯದು. ಆ ಪಟ್ಟಿಯಲ್ಲಿ ಕಾರಣವನ್ನು ಬರೆಯುವುದು ಸ್ಥಳಕ್ಕೆ ಬಂದ ಪೊಲೀಸರ ತೀರ್ಮಾನವಾಗಿರುವುದರಿಂದ, ರಸ್ತೆಯ ತಿರುವು ಅಥವಾ ಕಾಣದ ಉಬ್ಬಿನ ಪಾಲು ಎಷ್ಟೋ ಸಲ ಅತಿವೇಗದ ಹೆಸರಿನೊಳಗೆ ಅಡಗಿಬಿಡುತ್ತದೆಂಬ ಆಕ್ಷೇಪವನ್ನೂ ಅಲಕ್ಷಿಸುವಂತಿಲ್ಲ.

ಬೆಂಗಳೂರು–ಮೈಸೂರು ಹೆದ್ದಾರಿಯಲ್ಲಿ ಈ ವಾದಗಳೆಲ್ಲ ಒಟ್ಟಿಗೆ ಕೂಡಿದವು. 2023ರ ಮಾರ್ಚಿನಲ್ಲಿ ಉದ್ಘಾಟನೆಯಾದ ರಸ್ತೆಯಲ್ಲಿ ಸಾವುಗಳು ಹೆಚ್ಚಿದಾಗ, ಆಗಸ್ಟ್ 1ರಿಂದ ದ್ವಿಚಕ್ರ ಮತ್ತು ತ್ರಿಚಕ್ರ ವಾಹನಗಳನ್ನು ಮುಖ್ಯ ಪಥದಿಂದ ಹೊರಗಿಟ್ಟು, ಕಾರುಗಳಿಗೆ ನೂರರ ಮಿತಿಯನ್ನು ಕ್ಯಾಮೆರಾಗಳ ಮೂಲಕ ಜಾರಿಗೆ ತರಲಾಯಿತು. 2024ರ ಆಗಸ್ಟಿನಿಂದ ರಾಜ್ಯದಲ್ಲಿ ಗಂಟೆಗೆ 130 ಕಿಲೋಮೀಟರ್ ದಾಟಿದವರ ಮೇಲೆ ಕ್ರಿಮಿನಲ್ ಮೊಕದ್ದಮೆ ಹೂಡುವ ಕ್ರಮವೂ ಬಂದಿತು. ಇಂಥ ರಸ್ತೆಯಲ್ಲಿ ನೂರು ಏತಕ್ಕೆ ಎಂದು ಕೇಳುವ ಚಾಲಕನೇ, ಮನೆಯಲ್ಲಿ ಮಗುವಿನ ಜ್ವರ ನೂರು ದಾಟಿದೊಡನೆ ಆ ಅಂಕಿಯನ್ನು ಪ್ರಶ್ನಿಸದೆ ವೈದ್ಯರಲ್ಲಿಗೆ ಓಡುತ್ತಾನೆ. ಥರ್ಮಾಮೀಟರಿನ ನೂರು ತನ್ನವರ ಮೈಯ ಪರವಾಗಿ ಮಾತನಾಡುತ್ತದೆ, ಫಲಕದ ನೂರು ರಸ್ತೆ ದಾಟಲು ನಿಂತ ಅಪರಿಚಿತನ ಮೈಯ ಪರವಾಗಿ ಮಾತನಾಡುತ್ತದೆ.

ಅದೇ ಹೆದ್ದಾರಿಯ ಬದಿಯ ಪಂಕ್ಚರ್ ಅಂಗಡಿಯಲ್ಲಿ ಮೆಟ್ರಿಕ್ ಕಾಯಿದೆ ಇನ್ನೂ ಕಾಲಿಟ್ಟಿಲ್ಲ. ಅಲ್ಲಿ ಮುಂದೆ ಮೂವತ್ತು, ಹಿಂದೆ ಮೂವತ್ತೆರಡು ಎಂದರೆ ಚದರಂಗುಲಕ್ಕೆ ಅಷ್ಟು ಪೌಂಡಿನ ಗಾಳಿ ಎಂದರ್ಥ. ಟೈರಿನೊಳಗಿನ ಗಾಳಿ ಸುಮಾರು ಹತ್ತು ಫ್ಯಾರನ್‌ಹೀಟ್ ಡಿಗ್ರಿ, ಅಂದರೆ ಐದೂವರೆ ಸೆಲ್ಸಿಯಸ್ ಡಿಗ್ರಿ, ಬಿಸಿಯಾದಾಗಲೆಲ್ಲ ಒತ್ತಡ ಒಂದು ಪೌಂಡಿನಷ್ಟು ಏರುತ್ತದೆ. ಏಪ್ರಿಲ್ಲಿನ ಮಧ್ಯಾಹ್ನ ನೂರು ಕಿಲೋಮೀಟರ್ ಓಡಿಬಂದ ಕಾರಿನ ಟೈರಿನಲ್ಲಿ ಮೂವತ್ತಾರು ಕಂಡು, ಹೆಚ್ಚಾಯಿತೆಂದು ಗಾಳಿ ಬಿಟ್ಟರೆ, ಸಂಜೆ ತಣಿದಾಗ ಅದೇ ಟೈರಿನಲ್ಲಿ ಇರಬೇಕಾದುದಕ್ಕಿಂತ ಕಡಿಮೆ ಗಾಳಿ ಉಳಿದು, ಮರುದಿನದ ಓಟದಲ್ಲಿ ಅದರ ಪಕ್ಕಗಳು ಹೆಚ್ಚು ಬಾಗಿ, ಇನ್ನಷ್ಟು ಕಾದು ಸಿಡಿಯುವ ಸಂಭವ ಹೆಚ್ಚುತ್ತದೆ. ಆದ್ದರಿಂದ ವಾಹನದ ಬಾಗಿಲಿನ ಒಳಬದಿಗೆ ಅಂಟಿಸಿದ ಚೀಟಿಯಲ್ಲಿರುವುದು ಯಾವಾಗಲೂ ತಣ್ಣಗಿನ ಟೈರಿನ ಅಂಕಿಯೇ ಆಗಿರುತ್ತದೆ.